ಮನೆ ನೋಡಲು ಬಂದವರು ಮೊದಲು ತಿರುಗಿಸುವುದು ನಲ್ಲಿಯನ್ನು

ಗೇಟಿಗೆ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ಹಾಕಿ ತಿಂಗಳುಗಳೇ ಆದವು. ಭಾನುವಾರ ಬಂತೆಂದರೆ ಯಾರಾದರೂ ಬರುತ್ತಾರೆ, ಸುತ್ತಿ ನೋಡುತ್ತಾರೆ, ಕಾಫಿ ಕುಡಿಯುತ್ತಾರೆ, ‘ಮನೇಲಿ ಮಾತಾಡಿ ಹೇಳ್ತೀವಿ ಸಾರ್’ ಎಂದು ಹೊರಡುತ್ತಾರೆ. ಆಮೇಲೆ ಫೋನ್ ಮಾಡಿದರೆ ಎತ್ತುವುದಿಲ್ಲ. ಬೆಲೆ ಜಾಸ್ತಿಯಾಯಿತೇನೋ ಎಂದು ನೀವು ಎರಡು ಲಕ್ಷ ಇಳಿಸುತ್ತೀರಿ. ಆಗಲೂ ಅದೇ ಕತೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಲ್ಲಿ ಕೇಳಿದರೂ ಮನೆ ಮಾರಲು ಹೊರಟವರದು ಇದೇ ದೂರು. ಇನ್ನೊಂದು ಸಲ ಬೆಲೆ ಇಳಿಸುವ ಮೊದಲು, ಬಂದವರು ನಿಮ್ಮ ಮನೆಯಲ್ಲಿ ಏನು ನೋಡಿ ಹೋದರು ಎಂದು ಯೋಚಿಸಿ.

ಹಿಂದೆ ಈ ಸೀಮೆಯಲ್ಲಿ ಮನೆ ಕೊಳ್ಳುತ್ತಿದ್ದವರು ಬಹುಪಾಲು ಅದೇ ಊರಿನವರು, ಇಲ್ಲವೇ ನೆಂಟರು. ಯಾವ ಮೂಲೆ ಸೋರುತ್ತದೆ, ಯಾವ ಅಣ್ಣತಮ್ಮಂದಿರಿಗೆ ಜಗಳ ಎಂಬುದೆಲ್ಲ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು. ಹಾಗಾಗಿ ತೋರಿಸುವಂಥದ್ದು ಏನೂ ಇರಲಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಈಚೆಗೆ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯೂ ಬಂತು. ಈಗ ಯಲಹಂಕ, ಪೀಣ್ಯ, ಕೆ.ಆರ್. ಪುರದಿಂದ ಜನ ಕಾರಿನಲ್ಲಿ ಬಂದಿಳಿಯುತ್ತಾರೆ. ನಿಮ್ಮ ಅಪ್ಪ ಎಂಥವರೆಂದು ಅವರಿಗೆ ಗೊತ್ತಿಲ್ಲ. ಅರ್ಧ ಗಂಟೆಯಲ್ಲಿ ನೋಡಿದ್ದಷ್ಟೇ ಅವರಿಗೆ ಸಾಕ್ಷಿ.

ಅಮೆರಿಕದಂಥ ಕಡೆ ಮಾರುವ ಮನೆಗೆ ಬಾಡಿಗೆಗೆ ಸೋಫಾ, ಹೂದಾನಿ ತಂದಿಟ್ಟು ಸಿಂಗರಿಸುವುದೇ ಒಂದು ಕಸುಬು. ನಮ್ಮ ಕಡೆ ಅದರಿಂದ ಹೆಚ್ಚು ಪ್ರಯೋಜನ ಕಾಣೆ. ಇಲ್ಲಿ ಬರುವವರು ಅನುಮಾನಗಳ ಪಟ್ಟಿಯನ್ನೇ ಹೊತ್ತು ಬರುತ್ತಾರೆ: ನೀರಿದೆಯಾ, ಗೋಡೆ ಸೋರುತ್ತಾ, ಕಾಗದ ಸರಿಯಿದೆಯಾ, ಪಾಲುದಾರರು ಎಷ್ಟು ಜನ. ಉತ್ತರ ಸಿಗದ ಪ್ರತಿ ಅನುಮಾನಕ್ಕೂ ಅವರು ಮನಸ್ಸಿನಲ್ಲೇ ಒಂದು ಬೆಲೆ ಕಟ್ಟುತ್ತಾರೆ, ಅದೂ ಅತಿ ಕೆಟ್ಟ ಲೆಕ್ಕದಲ್ಲಿ. ಹತ್ತು ಸಾವಿರದಲ್ಲಿ ಮುಗಿಯುವ ಸೋರಿಕೆ, ಕಾರಣ ತಿಳಿಯದವರ ಕಣ್ಣಿಗೆ ಲಕ್ಷದ ಕೆಲಸ. ಆದ್ದರಿಂದ ಮನೆ ಸಿದ್ಧಪಡಿಸುವುದೆಂದರೆ ಈ ಅನುಮಾನಗಳನ್ನು ಒಂದೊಂದಾಗಿ ಕಳೆಯುವುದು. ಚಂದ ಮಾಡುವ ಮಾತು ಆಮೇಲಿನದು.

ನೋಡುವ ಕಣ್ಣುಗಳು

ಒಂದು ಕುಟುಂಬ ಮನೆ ನೋಡಲು ಬಂದಾಗ ಗಮನಿಸಿ. ಯಜಮಾನರು ಹಾಲ್‌ನಲ್ಲಿ ಕೂತು ಬೆಲೆ ಮಾತಾಡುತ್ತಾರೆ. ಮಾವನವರು ಗೇಟಿನ ಹತ್ತಿರವೇ ನಿಂತು ಬಾಗಿಲು ಯಾವ ದಿಕ್ಕಿಗೆ ಎಂದು ಫೋನ್ ತಿರುಗಿಸುತ್ತಾರೆ. ಗಾರೆ ಕೆಲಸ ಸ್ವಲ್ಪ ಬಲ್ಲ ಭಾವಮೈದ ಟೈಲ್ಸನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ಎಲ್ಲಿ ಟೊಳ್ಳು ಸದ್ದು ಬರುತ್ತದೆ ಎಂದು ಕಿವಿಗೊಡುತ್ತಾನೆ. ಮನೆಯಾಕೆ ಮಾತ್ರ ನೆಟ್ಟಗೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ನೀರಿನ ಧಾರೆ ನೋಡಿ, ಅಂಗೈಗೆ ಹಿಡಿದು, ಸಿಂಕಿನ ಕೆಳಗಿನ ಬಾಗಿಲು ತೆಗೆದು ಬಗ್ಗಿ ನೋಡುತ್ತಾರೆ. ಬಚ್ಚಲಲ್ಲಿ ಒಮ್ಮೆ ಸೂರು ನೋಡುತ್ತಾರೆ. ಹೊರಗೆ ಬಂದು ಏನೂ ಹೇಳುವುದಿಲ್ಲ. ತೀರ್ಮಾನ ಬಹುಪಾಲು ಅಲ್ಲೇ ಆಗಿಹೋಗಿರುತ್ತದೆ.

ಹೀಗೆ ಸಿದ್ಧಪಡಿಸಿ

1. ಪೊರಕೆಗಿಂತ ಮೊದಲು ಕಾಗದ. ಬಂದವರು ಇಷ್ಟಪಟ್ಟ ಗಳಿಗೆಯಲ್ಲೇ ಕಾಗದ ಕೇಳುತ್ತಾರೆ. ‘ನಮ್ಮಣ್ಣನ ಹತ್ತಿರ ಇದೆ, ತರಿಸ್ತೀನಿ’ ಎಂದಿರೋ, ವ್ಯವಹಾರ ಅಲ್ಲಿಗೆ ತಣ್ಣಗಾಗುತ್ತದೆ. ಒಂದು ಫೈಲಿನಲ್ಲಿ ಇವುಗಳ ಜೆರಾಕ್ಸ್ ಇಡಿ: ಕ್ರಯಪತ್ರ ಅಥವಾ ವಿಭಾಗಪತ್ರ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣವಾದರೆ ನಗರಸಭೆ ಅಥವಾ ಪುರಸಭೆಯ ಇ-ಖಾತೆ, ಭೂಪರಿವರ್ತನೆ ಆದೇಶ, ಈ ವರ್ಷದ ಕಂದಾಯದ ರಸೀದಿ, ನಕ್ಷೆ ಮಂಜೂರಾಗಿದ್ದರೆ ಅದು. ಋಣಭಾರ ಪತ್ರ, ಅಂದರೆ ಎಲ್ಲರೂ ಇಸಿ ಎನ್ನುವುದು, 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಬ್ಯಾಂಕಿನ ವಕೀಲರು ಕೇಳಿದರೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಮೊದಲೇ ಅರ್ಜಿ ಹಾಕಿ.

ನಿಮ್ಮದು ನಮೂನೆ 11ಎ ಅಲ್ಲದೆ, ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ 11ಬಿ ಆಗಿದ್ದರೆ ಫೋನಿನಲ್ಲೇ ಹೇಳಿಬಿಡಿ. ಹನ್ನೊಂದು ಎಂದಷ್ಟೇ ಹೇಳಿ ಮನೆಗೆ ಕರೆಸಿಕೊಂಡು, ಅಲ್ಲಿ ಗೊತ್ತಾದರೆ ಬಂದವರು ಮಿಕ್ಕಿದ್ದನ್ನೂ ನಂಬುವುದಿಲ್ಲ.

ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷವೂ ಇರಲಿ. ಹಾಲ್‌ನ ಗೋಡೆಯ ಮೇಲೆ ಹಾರ ಹಾಕಿದ ತಂದೆ-ತಾಯಿಯ ಫೋಟೊ ನೋಡಿದವರು ಕೇಳುವ ಮೊದಲ ಪ್ರಶ್ನೆ, ‘ನೀವು ಎಷ್ಟು ಜನ ಮಕ್ಕಳು?’ ಎರಡನೆಯದು, ‘ಹೆಣ್ಣುಮಕ್ಕಳು?’ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಾದ ಮೇಲೆ ಇದು ಸುಮ್ಮನೆ ಕುಶಲ ಕೇಳುವ ಪ್ರಶ್ನೆ ಅಲ್ಲ. ಅಕ್ಕತಂಗಿಯರ ಒಪ್ಪಿಗೆ ಇದೆ ಎಂದು ಬಾಯಲ್ಲಿ ಹೇಳುವುದಕ್ಕಿಂತ, ಸಾಧ್ಯವಾದರೆ ಆ ದಿನ ಒಬ್ಬ ಅಕ್ಕನನ್ನು ಮನೆಗೆ ಕರೆಸಿಕೊಳ್ಳಿ. ಅವರೇ ಬಾಗಿಲಲ್ಲಿ ನಿಂತು ‘ಬನ್ನಿ’ ಎಂದರೆ ಅರ್ಧ ಪ್ರಶ್ನೆ ಕಡಿಮೆಯಾಗುತ್ತದೆ.

2. ನೀರಿನ ಲೆಕ್ಕ ತೋರಿಸಿ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ ನಮ್ಮದು. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಪಕ್ಕದಲ್ಲೇ ಹಾದರೂ ನಲ್ಲಿಗೆ ನೀರು ಬರುವುದು ಬಹುಪಾಲು ಬೋರ್‌ವೆಲ್‌ನಿಂದ. ಕೊಳ್ಳುವವರಿಗೂ ಇದು ಗೊತ್ತು. ಬೋರ್ ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಮೋಟಾರ್ ಎಷ್ಟು ಎಚ್‌ಪಿ, ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತದೆ, ಪಂಚಾಯಿತಿ ಅಥವಾ ನಗರಸಭೆ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಸಂಪು ಎಷ್ಟು ಲೀಟರಿನದು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಟ್ಯಾಂಕರ್ ತರಿಸುವುದಿದ್ದರೆ ಅದನ್ನೂ ಬರೆಯಿರಿ.

ಸಂಪು, ಮೇಲಿನ ಟ್ಯಾಂಕು ಎರಡನ್ನೂ ತೊಳೆಸಿ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೆಯದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಉತ್ತಮ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಫ್ಲೋರೈಡ್ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ವರದಿಯಲ್ಲಿ ಗಡಸುತನ ಜಾಸ್ತಿ ಬಂದರೂ ಬಚ್ಚಿಡಬೇಡಿ. ಅಂಗೈಯಲ್ಲಿ ನೀರು ಹಿಡಿದು ನೋಡಿದಾಕೆಗೆ ಸೋಪು ನೊರೆ ಬರುತ್ತೋ ಇಲ್ಲವೋ ಎಂಬುದು ಹೇಗೂ ಗೊತ್ತಾಗುತ್ತದೆ.

3. ಒದ್ದೆ ಗೋಡೆಯ ಕಾರಣ ಹುಡುಕಿ, ಆಮೇಲೆ ಬಣ್ಣ. ಹೆಚ್ಚಿನ ಜನ ಎಡವುವುದು ಇಲ್ಲೇ. ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಬಿಳಿ ಪುಡಿ ಉದುರುತ್ತಿದೆ ಎಂದಿಟ್ಟುಕೊಳ್ಳಿ. ನೆಲದ ತೇವವನ್ನು ಇಟ್ಟಿಗೆ, ಗಾರೆ ಎರಡೂ ಮೇಲಕ್ಕೆ ಹೀರುತ್ತವೆ. ನೀರು ಆರಿದ ಮೇಲೆ ಅದರಲ್ಲಿ ಕರಗಿದ್ದ ಉಪ್ಪು ಗೋಡೆಯ ಮೈಮೇಲೆ ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಅದರ ಮೇಲೆ ಎಷ್ಟು ದುಬಾರಿ ಪೇಂಟ್ ಬಳಿದರೂ ಕೆಲವೇ ವಾರಗಳಲ್ಲಿ ಮತ್ತೆ ಗುಳ್ಳೆ. ಅಷ್ಟರಲ್ಲಿ ಮನೆ ನೋಡಿದವರು ಎರಡನೇ ಸಲ ಬಂದಿರುತ್ತಾರೆ.

ತೇವ ಗೋಡೆಯೊಳಗಿನಿಂದಲೋ ಕೋಣೆಯ ಗಾಳಿಯಿಂದಲೋ ಎಂದು ತಿಳಿಯಲು ಅಂಗೈ ಅಗಲದ ಅಲ್ಯೂಮಿನಿಯಂ ಫಾಯಿಲನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಒಂದೆರಡು ದಿನ ಬಿಟ್ಟು ತೆಗೆಯಿರಿ. ಹಿಂಬದಿ ತೇವವಾಗಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಮುಂಬದಿ ಬೆವರಿದ್ದರೆ ಕೋಣೆಗೆ ಗಾಳಿ ಸಾಲದು, ಕಿಟಕಿ ತೆಗೆದಿಟ್ಟರೆ ಅರ್ಧ ಪರಿಹಾರ.

ಗೋಡೆಯಿಂದಲೇ ಆದರೆ ಹೊರಗಡೆ ಹೋಗಿ ನೋಡಿ. ತಾರಸಿಯ ಮಳೆನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿದೆಯೇ? ಹೂಗಿಡದ ಪಾತಿಯ ಮಣ್ಣು ಅಡಿಪಾಯದ ಮಟ್ಟಕ್ಕಿಂತ ಎತ್ತರ ಬಂದಿದೆಯೇ? ಸಂಪು ತುಂಬಿ ಹರಿಯುತ್ತಿದೆಯೇ? ಗೋಡೆಯ ಆಚೆ ಬಚ್ಚಲಿದೆಯೇ? ಸುಮಾರು ಮನೆಗಳಲ್ಲಿ ಕಾರಣ ಈ ನಾಲ್ಕರಲ್ಲೊಂದು. ಅದನ್ನು ಸರಿಪಡಿಸಿ, ಕೆಟ್ಟ ಗಾರೆ ಕೆತ್ತಿಸಿ, ಗೋಡೆ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಹೊಸ ಗಾರೆ, ಬಣ್ಣ.

ಅಷ್ಟು ಸಮಯವಿಲ್ಲವೇ? ಹಾಗಾದರೆ ಬಣ್ಣ ಬಳಿಯಲೇಬೇಡಿ. ಗಾರೆ ಕೆತ್ತಿಸಿ ಹಾಗೇ ಬಿಡಿ, ಮೇಸ್ತ್ರಿಯಿಂದ ರಿಪೇರಿಯ ಅಂದಾಜು ಬರೆಸಿಕೊಂಡು ಬಂದವರ ಕೈಗೆ ಕೊಡಿ. ಕಾರಣವೂ ಖರ್ಚೂ ಕಣ್ಣೆದುರಿಗಿದ್ದರೆ ಚೌಕಾಸಿ ಅಷ್ಟಕ್ಕೇ ನಿಲ್ಲುತ್ತದೆ. ಬಚ್ಚಿಟ್ಟ ಒದ್ದೆಗೆ ಮಿತಿಯಿರುವುದಿಲ್ಲ. ಇದರಲ್ಲಿ ಕಾನೂನಿನ ಮಾತೂ ಇದೆ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಕೊಳ್ಳುವವರು ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದಂಥ, ತನಗೆ ಮಾತ್ರ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು.

ತಾರಸಿಯನ್ನು ಮಳೆಗಾಲಕ್ಕೆ ಮುಂಚೆಯೇ ಪರೀಕ್ಷಿಸಿ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನೀರು ಹೋಗುವ ತೂತು ಮುಚ್ಚಿ, ಎರಡು ಬೆರಳು ನೀರು ಒಂದು ದಿನ ನಿಲ್ಲಿಸಿ ಕೆಳಗಿನಿಂದ ಸೂರು ನೋಡಿ. ಇದು ಗಟ್ಟಿ ಆರ್‌ಸಿಸಿ ತಾರಸಿಗೆ ಮಾತ್ರ. ಮದ್ರಾಸ್ ತಾರಸಿ, ಕಲ್ಲುಚಪ್ಪಡಿಯ ಹಳೆ ಸೂರುಗಳ ಮೇಲೆ ನೀರು ನಿಲ್ಲಿಸಲು ಹೋಗಬೇಡಿ.

4. ಕಲೆ, ಜಿಡ್ಡು, ನೆಲ. ಗಡಸು ನೀರಿನ ಬಿಳಿ ಕಲೆ ನಲ್ಲಿ, ಬಚ್ಚಲ ಟೈಲ್ಸ್ ಮೇಲೆ ಕೂತಿದ್ದರೆ ಇಡೀ ಮನೆಯೇ ಹಳತಾಗಿ ಕಾಣುತ್ತದೆ. ಅದು ಸುಣ್ಣದ ಅಂಶ, ಹುಳಿಗೆ ಕರಗುತ್ತದೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟು ಉಜ್ಜಿ, ಇಲ್ಲವೇ ನಿಂಬೆಹೋಳು, ಹುಣಸೆಹಣ್ಣು. ಮಾರ್ಬಲ್ ಮತ್ತು ರೆಡ್ ಆಕ್ಸೈಡ್ ನೆಲಕ್ಕೆ ಮಾತ್ರ ಹುಳಿ ಸೋಕಿಸಬೇಡಿ, ಹೊಳಪು ಹೋಗುತ್ತದೆ.

ರೆಡ್ ಆಕ್ಸೈಡ್ ನೆಲ ಇರುವವರಿಗೆ ಒಂದು ಕಿವಿಮಾತು. ಹಳೇ ಕಾಲದ್ದು ಎಂಬ ನಾಚಿಕೆಯಿಂದ ಅದರ ಮೇಲೆ ಹೂಚಿತ್ತಾರದ ವಿನೈಲ್ ಶೀಟ್ ಹಾಸುವವರಿದ್ದಾರೆ. ಬೆಂಗಳೂರಿನಿಂದ ಬರುವವರಲ್ಲಿ ಎಷ್ಟೋ ಜನ ಇಂಥ ನೆಲಕ್ಕೆ ಮರುಳಾಗುತ್ತಾರೆ. ಶೀಟ್ ಕಿತ್ತುಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒಣಬಟ್ಟೆಯಿಂದ ತಿಕ್ಕಿ. ಇದನ್ನು ಎರಡು ದಿನ ಮೊದಲೇ ಮಾಡಿ ಮುಗಿಸಿ. ಅವತ್ತೇ ಮಾಡಿದರೆ ಮಾವನವರು ಜಾರಿ ಬಿದ್ದಾರು.

5. ಮಗ್ಗ, ಹುಳು ಮನೆ, ಅಟ್ಟ. ದೊಡ್ಡಬಳ್ಳಾಪುರದಲ್ಲಿ ಮನೆಗೆ ಅಂಟಿಕೊಂಡೇ ವಿದ್ಯುತ್ ಮಗ್ಗದ ಶೆಡ್ಡು ಇರುವುದು ಮಾಮೂಲು. ಮಗ್ಗ ಸಮೇತ ಮಾರುತ್ತೀರೋ ಬಿಡಿಸಿ ಮಾರುತ್ತೀರೋ ಮೊದಲು ನಿರ್ಧರಿಸಿ. ಅರ್ಧ ಬಿಚ್ಚಿದ ಮಗ್ಗ, ಮೂಲೆಯಲ್ಲಿ ಲಾಳಿಗಳ ರಾಶಿ, ಸೂರಿನ ತುಂಬ ನೂಲಿನ ಧೂಳು ನೋಡಿದವರಿಗೆ ಅಲ್ಲಿ ಜಾಗ ಕಾಣುವುದಿಲ್ಲ, ಕೆಲಸ ಕಾಣುತ್ತದೆ. ಬಿಡಿಸುವುದಾದರೆ ನೆಲದಲ್ಲಿ ಉಳಿದ ಬೋಲ್ಟುಗಳನ್ನು ಕತ್ತರಿಸಿ ಸಿಮೆಂಟ್ ತುಂಬಿಸಿ. ಎಣ್ಣೆ ಕಲೆಗೆ ಮರದ ಹೊಟ್ಟು ಉದುರಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಗುಡಿಸಿ ಸೋಪಿನಪುಡಿ ಹಾಕಿ ಉಜ್ಜಿ. ಜಕಾರ್ಡ್ ಕೂರಿಸಲು ಎತ್ತರ ಬಿಟ್ಟ ಸೂರು ಗೋದಾಮಿಗೋ ಸಣ್ಣ ವರ್ಕ್‌ಶಾಪಿಗೋ ಹುಡುಕುವವರಿಗೆ ವರ. ಶೆಡ್ಡಿಗೆ ಬೇರೆ ಮೀಟರ್ ಇದ್ದರೆ ಬೆಸ್ಕಾಂ ಬಿಲ್ಲನ್ನೂ ಫೈಲಿಗೆ ಸೇರಿಸಿ.

ಅಂದಹಾಗೆ, ಮನೆಯ ಕರೆಂಟ್ ಬಿಲ್ ತೋರಿಸುವಾಗ 2023ರಿಂದ ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದೆ ಎಂದು ಹೆಮ್ಮೆಪಡುವ ಬದಲು ಯೂನಿಟ್ ಎಷ್ಟು ಎಂದು ತೋರಿಸಿ. ಕೊಳ್ಳುವವರಿಗೆ ಬೇಕಿರುವುದು ಅದು.

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ನಂಬಿ ಹುಳು ಸಾಕುವ ದೇವನಹಳ್ಳಿ ಕಡೆಯ ಮನೆಗಳಲ್ಲಿ ಹುಳು ಮನೆಯದೇ ಒಂದು ವಾಸನೆ. ಸೊಪ್ಪು, ಬ್ಲೀಚಿಂಗ್ ಪುಡಿ, ಸುಣ್ಣ ಎಲ್ಲ ಸೇರಿದ್ದು. ನಿಮಗೆ ರೂಢಿಯಾಗಿ ಗೊತ್ತಾಗುವುದಿಲ್ಲ. ಬೆಳೆ ಮುಗಿದ ಮೇಲೆ ಚಂದ್ರಂಕಿ, ತಟ್ಟೆಗಳನ್ನು ಹೊರಗೆ ಸಾಗಿಸಿ, ವಾರಗಟ್ಟಲೆ ಕಿಟಕಿ ತೆಗೆದಿಟ್ಟು, ಆಮೇಲೆ ಮನೆ ತೋರಿಸಿ.

ಉಳಿದಂತೆ ಅಟ್ಟದ ಹಳೆ ಸಾಮಾನು, ಮಂಚದ ಕೆಳಗಿನ ಪಾತ್ರೆ ಗಂಟು ಹೇಗೂ ಮನೆ ಬಿಡುವಾಗ ಸಾಗಿಸಬೇಕಾದವೇ. ಈಗಲೇ ಸಾಗಿಸಿ.

6. ಹೊರಗಡೆ, ದಿಕ್ಕು. ಗೇಟಿನ ಕೀಲಿಗೆ ಎಣ್ಣೆ, ಮುಂದಿನ ಚರಂಡಿಯ ಹೂಳು, ಬೀದಿದೀಪ. ಇಷ್ಟನ್ನು ನೋಡಿಕೊಂಡರೆ ಸಾಕು. ಹಿತ್ತಲು ‘ಕ್ಲೀನ್’ ಆಗಿ ಕಾಣಲಿ ಎಂದು ಮರ ಕಡಿಸಬೇಡಿ. ಅದರಲ್ಲೂ ದೇವನಹಳ್ಳಿಯಲ್ಲಿ ಕಾಯಿ ಬಿಡುವ ಚಕ್ಕೋತದ ಮರವಿದ್ದರೆ ಅದನ್ನೇ ಮೊದಲು ತೋರಿಸಿ. ಭೌಗೋಳಿಕ ಸೂಚ್ಯಂಕ ಪಡೆದ ಹಣ್ಣು ಹಿತ್ತಲಲ್ಲಿರುವುದು ಎಷ್ಟು ಮನೆಗಿದೆ?

ದಿಕ್ಕನ್ನು ಸುಮ್ಮನೆ ಇದ್ದದ್ದು ಇದ್ದಹಾಗೆ ಹೇಳಿ. ವಾಸ್ತುವಿಗೆಂದು ಗೋಡೆ ಒಡೆಸಿ ಬಾಗಿಲು ತಿರುಗಿಸುವ ಖರ್ಚು ಬೇಡ. ಬರುವವರು ತಮ್ಮ ಕಡೆಯ ವಾಸ್ತು ಹೇಳುವವರನ್ನು ಕರೆತರುತ್ತಾರೆ, ಅವರ ಮಾತು ಬೇರೆಯೇ ಇರುತ್ತದೆ. ಒಂದೇ ಒಂದು ಸಲಹೆ: ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಗೇಟು, ಕಾರಿನ ಪಕ್ಕ ಹಿಡಿದರೆ ತಪ್ಪು ತೋರಿಸುತ್ತದೆ. ಪೂರ್ವದ ಮನೆ ಆಗ್ನೇಯವಾಗಿ ಕಂಡು ವ್ಯವಹಾರ ಮುರಿಯುವುದು ಬೇಡ. ನಾಲ್ಕು ಹೆಜ್ಜೆ ದೂರ ನಿಂತು ನೋಡಲು ಹೇಳಿ.

7. ದಿನ, ಹೊತ್ತು. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ನೋಡುವವರು ಬಂದರೂ ಅಡ್ವಾನ್ಸ್ ಕೊಡುವವರು ಕಡಿಮೆ. ಆ ದಿನಗಳನ್ನು ರಿಪೇರಿಗೆ, ಕಾಗದಕ್ಕೆ ಇಟ್ಟುಕೊಳ್ಳಿ. ಭಾನುವಾರವೇ ಜನ ಬರುವುದಾದರೆ ಬೆಳಿಗ್ಗೆ ಕರೆಯಿರಿ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ನೀವು ನಂಬದಿದ್ದರೂ ಅವರು ನಂಬಿಯಾರು. ಪಶ್ಚಿಮಕ್ಕೆ ಮುಖ ಮಾಡಿದ ಮನೆಯನ್ನು ಬೇಸಿಗೆಯ ಮಧ್ಯಾಹ್ನ ತೋರಿಸಿದರೆ ಕಾದ ಗೋಡೆಯೇ ಮಾತಾಡುತ್ತದೆ.

ಬರುವ ಅರ್ಧ ಗಂಟೆ ಮೊದಲು ಕಿಟಕಿಗಳನ್ನೆಲ್ಲ ತೆಗೆಯಿರಿ, ಹಗಲಾದರೂ ಒಳಕೋಣೆಗಳ ದೀಪ ಹಾಕಿ, ಟ್ಯಾಂಕು ತುಂಬಿಸಿ. ಟ್ಯಾಂಕು ಅರ್ಧವಿದ್ದರೆ ನಲ್ಲಿಯ ಧಾರೆ ಸಣ್ಣಗಾಗಿ, ಇಲ್ಲದ ಅನುಮಾನ ಹುಟ್ಟುತ್ತದೆ.

8. ಮಾತು ಒಬ್ಬರದೇ ಇರಲಿ. ‘ಯಾಕೆ ಮಾರ್ತಿದ್ದೀರಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಗಳ ಮದುವೆ ಎಂದು ನೀವು, ಸಾಲ ಎಂದು ತಮ್ಮ, ಊರಲ್ಲಿ ಬೇಜಾರು ಎಂದು ಅಜ್ಜಿ ಹೇಳಿದರೆ ಮೂರೂ ಸುಳ್ಳಾಗಿ ಕೇಳಿಸುತ್ತವೆ. ಬೆಲೆಯೂ ಹಾಗೆಯೇ. ಮನೆಯ ಎಲ್ಲರಿಗೂ ಒಂದೇ ಅಂಕಿ ಗೊತ್ತಿರಲಿ, ಹೇಳುವವರು ಒಬ್ಬರೇ ಇರಲಿ. ಮನೆ ನೋಡುವಾಗ ಹಿಂದೆ ಹಿಂದೆಯೇ ಹೋಗಬೇಡಿ. ಅಡುಗೆಮನೆ, ಕೋಣೆಗಳಲ್ಲಿ ಗಂಡಹೆಂಡತಿ ಇಬ್ಬರೇ ಮಾತಾಡಿಕೊಳ್ಳಲು ಬಿಡಿ.

ಎಚ್ಚರ

- ಬಚ್ಚಲು ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಟ್ಟಿಗೆ ಬಳಸಲೇಬೇಡಿ. ಕ್ಲೋರಿನ್ ಅನಿಲ ಹುಟ್ಟುತ್ತದೆ, ಕಿಟಕಿಯಿಲ್ಲದ ಬಚ್ಚಲಲ್ಲಿ ಜೀವಕ್ಕೇ ಅಪಾಯ.
- ಒಡವೆ, ನಗದು, ಪಾಸ್‌ಬುಕ್ ಬೀರುವಿನಲ್ಲಿ ಬೀಗದೊಳಗಿರಲಿ. ಬರುವವರು ಅಪರಿಚಿತರು ಎಂಬುದನ್ನು ಕಾಫಿಯ ಉಪಚಾರದಲ್ಲಿ ಮರೆಯಬೇಡಿ. ವಯಸ್ಸಾದವರು ಒಬ್ಬರೇ ಇರುವಾಗ ಯಾರನ್ನೂ ಕರೆಯಬೇಡಿ.
- ಮೂಲ ಕಾಗದ ಯಾರ ಕೈಗೂ ಬೇಡ. ಕೊಡುವ ಜೆರಾಕ್ಸ್ ಮೇಲೆ ಅಡ್ಡಗೆರೆ ಎಳೆದು ‘ಪರಿಶೀಲನೆಗೆ ಮಾತ್ರ’ ಎಂದು ತಾರೀಖು ಸಮೇತ ಬರೆಯಿರಿ.
- ಬ್ರೋಕರ್‌ಗೆ ಬೀಗದ ಕೈ ಕೊಟ್ಟು ಊರಿಗೆ ಹೋಗಬೇಡಿ. ಕಮಿಷನ್ ಎಷ್ಟು, ಯಾರು ಕೊಡುವುದು ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.
- ಬಾಡಿಗೆದಾರರಿದ್ದರೆ ಮೊದಲೇ ಹೇಳಿ, ಅವರಿಗೆ ಅನುಕೂಲವಾದ ಹೊತ್ತಿಗೇ ತೋರಿಸಿ. ಸಿಟ್ಟಾದ ಬಾಡಿಗೆದಾರರ ಒಂದು ಮಾತು ಸಾಕು, ಬಂದವರು ಮೆಟ್ಟಿಲು ಇಳಿದುಬಿಡುತ್ತಾರೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಿಂದಿನ ದಿನ ಬಣ್ಣ ಬಳಿಸುವುದು ಎಲ್ಲಕ್ಕಿಂತ ದೊಡ್ಡದು. ಒಂದೇ ಗೋಡೆಗೆ ಹೊಸ ಬಣ್ಣ ಇದ್ದರಂತೂ ‘ಇಲ್ಲೇ ಏನೋ ಇದೆ’ ಎಂದು ಬೆರಳು ತೋರಿಸಿದಂತೆ. ಕಲೆಯ ಮೇಲೆ ಕ್ಯಾಲೆಂಡರ್ ತೂಗುಹಾಕುವುದೂ ಹಾಗೆಯೇ. ಕ್ಯಾಲೆಂಡರ್ ಎತ್ತಿ ನೋಡುವ ಭಾವಮೈದಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸಾಂಬ್ರಾಣಿ, ರೂಮ್ ಸ್ಪ್ರೇ ಅತಿಯಾದರೆ ಯಾವ ವಾಸನೆ ಮುಚ್ಚಲು ಎಂದು ಮೂಗು ಹುಡುಕುತ್ತದೆ. ಎಂದಿನ ಪೂಜೆಯ ಊದುಬತ್ತಿ ಸಾಕು.

ಸದ್ದು ಮುಚ್ಚಿಡುವುದು ಇನ್ನೊಂದು. ಪಕ್ಕದ ಮನೆಯ ಮಗ್ಗ ನಿಂತಿರುವ ಹೊತ್ತು ನೋಡಿ ಕರೆಸುವುದು, ದೇವನಹಳ್ಳಿಯಲ್ಲಿ ವಿಮಾನದ ಮಾತೇ ಎತ್ತದಿರುವುದು, ನೆಲಮಂಗಲದಲ್ಲಿ ಹೆದ್ದಾರಿ ಕಡೆಯ ಕಿಟಕಿ ಮುಚ್ಚಿಡುವುದು. ಮನೆ ಇಷ್ಟಪಟ್ಟವರು ನಿಮಗೆ ಹೇಳದೆ ರಾತ್ರಿ ಒಮ್ಮೆ ಬಂದು ಬೀದಿಯಲ್ಲಿ ನಿಂತು ಹೋಗುತ್ತಾರೆ. ಪಕ್ಕದ ಅಂಗಡಿಯಲ್ಲಿ ವಿಚಾರಿಸುತ್ತಾರೆ. ಮಗ್ಗದ ಸದ್ದು ಎಷ್ಟು ಗಂಟೆಗೆ ನಿಲ್ಲುತ್ತದೆ ಎಂದು ನೀವೇ ಹೇಳಿದ್ದರೆ ಅದು ಬರೀ ಮಾಹಿತಿ, ಅವರೇ ಕಂಡುಕೊಂಡರೆ ಮೋಸ.

‘ಮುಂದಿನ ವರ್ಷ ಇಲ್ಲೇ ಮೆಟ್ರೊ ಬರುತ್ತೆ’ ಎಂಬಂಥ ಮಾತು ಬಿಟ್ಟುಬಿಡಿ. ಈ ಜಿಲ್ಲೆಗೆ ಮನೆ ಹುಡುಕಿಕೊಂಡು ಬರುವವರು ಅದನ್ನು ಬ್ರೋಕರ್‌ಗಳ ಬಾಯಲ್ಲಿ ಕೇಳಿ ಕೇಳಿ ಸಾಕಾಗಿರುತ್ತಾರೆ.

ಎರಡನೇ ಸಲ ಬಂದರೆ

ಎರಡನೇ ಸಲ ಬಂದವರು ಅರ್ಧ ಒಪ್ಪಿದವರು. ಈ ಸಲ ಮೇಸ್ತ್ರಿಯನ್ನೋ ಪ್ಲಂಬರನ್ನೋ ಕರೆತಂದರೆ ಮುಖ ಗಂಟಿಕ್ಕಬೇಡಿ. ತಾರಸಿಗೆ ಏಣಿ ಕೊಡಿ, ಸಂಪಿನ ಮುಚ್ಚಳ ತೆಗೆಯಿರಿ, ಮೋಟಾರ್ ಹಾಕಿ ತೋರಿಸಿ. ಯಾವ ಸಾಮಾನು ಮನೆಯ ಜೊತೆ ಬರುತ್ತದೆ, ಯಾವುದನ್ನು ನೀವು ಒಯ್ಯುತ್ತೀರಿ ಎಂಬ ಮಾತು ಇವತ್ತೇ ಮುಗಿಯಲಿ: ಸೋಲಾರ್, ಯುಪಿಎಸ್, ಫ್ಯಾನು, ದೇವರಮನೆಯ ಬಾಗಿಲು. ಕೊನೆಗೆ ಜಗಳವಾಗುವುದು ಇಂಥ ಸಣ್ಣ ಸಾಮಾನಿನ ಮೇಲೆಯೇ.

ಅಡ್ವಾನ್ಸ್ ಕೊಡುತ್ತೇವೆಂದರೆ ಸಂತೋಷದಲ್ಲಿ ನೋಟಿನ ಕಟ್ಟಿಗೆ ಕೈ ಚಾಚಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ತೆಗೆದುಕೊಳ್ಳಿ. ಮನೆಯ ಬೆಲೆ 50 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಕೊಳ್ಳುವವರು ನಿಮಗೆ ಕೊಡುವ ಹಣದಲ್ಲಿ ಶೇ 1ರಷ್ಟು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದು ನಿಮ್ಮ ಲೆಕ್ಕಕ್ಕೇ ಜಮೆಯಾಗುವ ದುಡ್ಡು, ಕಡಿಮೆ ಕೊಟ್ಟರೆಂದು ರೇಗಾಡಬೇಡಿ, ಪ್ರಮಾಣಪತ್ರ ಕೇಳಿ ಪಡೆಯಿರಿ. ಕರಾರು ಪತ್ರದಲ್ಲಿ ಬಾಕಿ ಹಣದ ಗಡುವು, ನೋಂದಣಿಯ ದಿನ, ನೀವು ಮನೆ ಬಿಟ್ಟುಕೊಡುವ ದಿನ ಮೂರೂ ಇರಲಿ. ಬೋರ್ಡನ್ನು ಗೇಟಿನಿಂದ ಇಳಿಸುವುದು ಆ ಪತ್ರಕ್ಕೆ ಸಹಿ ಬಿದ್ದ ಮೇಲೆ.